ಬೆಳಗ್ಗೆ ಏಳೂವರೆಯೊಳಗೆ ನಾಲ್ಕು ದಿಕ್ಕಿಗೆ ಬ್ರೆಡ್: ಮೂರು ಗಾಡಿ ಸಾಕೇ?

ಪ್ರಶ್ನೆ: "ಗೋಣಿಕೊಪ್ಪಲಿನಲ್ಲಿ ನಮ್ಮದೊಂದು ಬೇಕರಿ. ಬ್ರೆಡ್, ಬನ್, ಕೇಕ್ ಜೊತೆಗೆ ಮೊಟ್ಟೆ, ಮೊಸರೂ ಸಪ್ಲೈ ಮಾಡುತ್ತೇವೆ. ಮೂರು ಪಿಕಪ್ ಗಾಡಿ, ದಿನಕ್ಕೆ 46 ಗಿರಾಕಿಗಳು. ಹೋಮ್‌ಸ್ಟೇ, ರೆಸಾರ್ಟ್, ಹೋಟೆಲ್, ತೋಟದ ಕ್ಯಾಂಟೀನ್, ಪೇಟೆ ಅಂಗಡಿ ಎಲ್ಲ ಇವೆ. ಕುಟ್ಟದಿಂದ ಮಡಿಕೇರಿವರೆಗೆ, ಸಿದ್ದಾಪುರದಿಂದ ಕಕ್ಕಬ್ಬೆವರೆಗೆ ಹೋಗುತ್ತೇವೆ. ಮೊದಲೆಲ್ಲ 'ಬೆಳಗ್ಗೆ ಬರ್ತೀವಿ' ಅಂದರೆ ಸಾಕಿತ್ತು. ಈಗ ಒಬ್ಬೊಬ್ಬರೂ ಟೈಮ್ ಸ್ಲಾಟ್ ಕೊಡುತ್ತಾರೆ. ಒಬ್ಬರಿಗೆ ಆರೂವರೆಯಿಂದ ಏಳೂವರೆಯೊಳಗೆ ಬೇಕು, ಇನ್ನೊಬ್ಬರು ಎಂಟೂವರೆಗೆ ಮುಂಚೆ ಹೋದರೆ ಸ್ಟೋರ್ ಬಾಗಿಲೇ ತೆರೆಯುವುದಿಲ್ಲ. ಅಕ್ಕನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ರಜೆಗೆ ಬಂದವನು ಪುಕ್ಕಟೆ ಸಿಗುವ ಪ್ರೋಗ್ರಾಂ ಹಾಕಿ ರೂಟ್ ಮಾಡಿಕೊಟ್ಟ. ಮೊದಲ ವಾರ ಡೀಸೆಲ್ ಉಳಿಯಿತು ನಿಜ, ಆದರೆ 'ತಡವಾಯಿತು' ಎಂದು ಒಂಬತ್ತು ಫೋನ್ ಬಂತು. ಇಪ್ಪತ್ತು ವರ್ಷದಿಂದ ಜೊತೆಗಿರುವ ಡ್ರೈವರ್ ಅಣ್ಣ 'ಇದನ್ನ ಬರೆದೋನು ಕುಟ್ಟದ ರಸ್ತೆ ಕಂಡಿಲ್ಲ' ಎಂದು ನಗುತ್ತಾರೆ. ರೂಟ್ ಮಾಡಿಕೊಟ್ಟ ಆ ಅಳಿಯ 'ಇನ್ನೂ ಜೋರಾದ ಅಲ್ಗಾರಿದಮ್ ಹಾಕಿ ರಾತ್ರಿಯಿಡೀ ಓಡಿಸೋಣ, ಪರ್ಫೆಕ್ಟ್ ರೂಟ್ ಬರುತ್ತೆ' ಅನ್ನುತ್ತಾನೆ. ಮನೆಯವರು 'ನಾಲ್ಕನೇ ಗಾಡಿ ತಗೊಳ್ಳಿ, ತಲೆನೋವು ಮುಗೀತು' ಅನ್ನುತ್ತಾರೆ. ಗಿರಾಕಿಗಳ ಪಟ್ಟಿ, ಸ್ಲಾಟ್, ಡ್ರೈವರ್‌ಗಳು ಹೇಳಿದ ಹೊತ್ತು, ಅಳಿಯನ ಸೆಟ್ಟಿಂಗ್ ಎಲ್ಲ ಲಗತ್ತಿಸಿದ್ದೇನೆ. ಯಾರ ಮಾತು ಕೇಳಲಿ?"

ಉತ್ತರ: ಕಂಪ್ಯೂಟರ್ ಮುಟ್ಟುವ ಮೊದಲು ನಿಮ್ಮ ಪಟ್ಟಿಯನ್ನು ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿದು ಕೂತೆ. ಹತ್ತು ನಿಮಿಷದಲ್ಲಿ ನಾಲ್ಕು ಹೆಸರಿಗೆ ಸುತ್ತು ಹಾಕಿದೆ: ಕುಟ್ಟದ ರೆಸಾರ್ಟ್, ಸಿದ್ದಾಪುರದ ಹೋಟೆಲ್, ಮಡಿಕೇರಿಯ ಹೋಟೆಲ್, ಕಕ್ಕಬ್ಬೆಯ ಹೋಮ್‌ಸ್ಟೇ. ನಾಲ್ಕಕ್ಕೂ ಒಂದೇ ಸ್ಲಾಟ್, 6.30ರಿಂದ 7.30. ನಿಮ್ಮ ಡ್ರೈವರ್‌ಗಳು ಬರೆದುಕೊಟ್ಟ ಹೊತ್ತಿನ ಪ್ರಕಾರವೇ ಇವುಗಳಲ್ಲಿ ಯಾವ ಎರಡು ಊರು ತೆಗೆದುಕೊಂಡರೂ ನಡುವೆ 50 ನಿಮಿಷಕ್ಕಿಂತ ಕಡಿಮೆ ಇಲ್ಲ. 6.30ಕ್ಕೆ ಸರಿಯಾಗಿ ಒಂದು ಕಡೆ ತಲುಪಿ, 15 ನಿಮಿಷದಲ್ಲಿ ಕ್ರೇಟ್ ಇಳಿಸಿ ಹೊರಟರೂ ಇನ್ನೊಂದು ಕಡೆ ಮುಟ್ಟುವಾಗ 7.35. ಅಂದರೆ ಈ ನಾಲ್ವರಲ್ಲಿ ಯಾವ ಇಬ್ಬರನ್ನೂ ಒಂದೇ ಗಾಡಿ ನೋಡಿಕೊಳ್ಳಲಾರದು. ನಾಲ್ವರಿಗೆ ನಾಲ್ಕು ಗಾಡಿ ಬೇಕು. ನಿಮ್ಮಲ್ಲಿರುವುದು ಮೂರು. ಬ್ರಹ್ಮನೇ ಬಂದು ರೂಟ್ ಹಾಕಿದರೂ ಒಬ್ಬರಿಗೆ ತಡ ಆಗಲೇಬೇಕು.

ಹಾಗಾದರೆ ಪ್ರೋಗ್ರಾಂ ಯಾಕೆ 'ಆಗಲ್ಲ' ಎಂದು ಹೇಳದೆ ರೂಟ್ ಕೊಟ್ಟಿತು? ಅಳಿಯನ ಸೆಟ್ಟಿಂಗ್ ನೋಡಿದೆ. ಸ್ಲಾಟ್ ಮೀರಿದರೆ ನಿಮಿಷಕ್ಕೆ 1 ರೂಪಾಯಿ ದಂಡ, ಓಡಿದ ಕಿಲೋಮೀಟರಿಗೆ 14 ರೂಪಾಯಿ ಖರ್ಚು ಎಂದು ಹಾಕಿದ್ದಾರೆ. ಆ ಲೆಕ್ಕದಲ್ಲಿ 40 ನಿಮಿಷ ತಡವಾದರೆ 40 ರೂಪಾಯಿ, 3 ಕಿಲೋಮೀಟರ್ ಉಳಿಸಿದರೆ 42 ರೂಪಾಯಿ. ಪ್ರೋಗ್ರಾಂಗೆ ರೆಸಾರ್ಟ್ ಮ್ಯಾನೇಜರ್ ಬೈಗುಳ ಕೇಳಿಸುವುದಿಲ್ಲ. ನೀವು ಹೇಳಿದ ಬೆಲೆಗೆ ಅದು ವ್ಯಾಪಾರ ಮಾಡಿತು: ಡೀಸೆಲ್ ಉಳಿಸಿತು, ಫೋನ್ ಕರೆ ತಂದಿತು. ಅಳಿಯನ ಮೇಲೆ ಸಿಟ್ಟಾಗಬೇಡಿ. ಹೊಸದಾಗಿ ಈ ಕೆಲಸಕ್ಕೆ ಇಳಿದವರೆಲ್ಲ ಮಾಡುವ ತಪ್ಪು ಇದು, ನಾನೂ ಮಾಡಿದ್ದೇನೆ.

ಈಗ ಆ 'ಪರ್ಫೆಕ್ಟ್ ರೂಟ್' ವಿಷಯ. ಈ ಲೆಕ್ಕ ಹಳೆಯದು. 1959ರಲ್ಲಿ ಅಮೆರಿಕದ ಡ್ಯಾಂಟ್ಜಿಗ್ ಮತ್ತು ರಾಮ್ಸರ್ ಪೆಟ್ರೋಲ್ ಬಂಕ್‌ಗಳಿಗೆ ಲಾರಿ ಕಳಿಸುವ ಸಮಸ್ಯೆಯಾಗಿ ಇದನ್ನು ಮೊದಲು ಬರೆದರು. ಅಲ್ಲಿಂದ ಇಲ್ಲಿಯವರೆಗೂ ತೊಡಕು ಒಂದೇ, ಎಣಿಕೆ. ನಿಮ್ಮ ಒಂದು ಗಾಡಿಗೆ 15 ಗಿರಾಕಿ ಬಂದರು ಎನ್ನಿ. ಅವರನ್ನು ಯಾವ ಸರದಿಯಲ್ಲಿ ನೋಡಬಹುದು ಎಂಬುದಕ್ಕೆ ಸುಮಾರು 1.3 ಲಕ್ಷ ಕೋಟಿ ಬಗೆಗಳಿವೆ. ಕಂಪ್ಯೂಟರ್ ಸೆಕೆಂಡಿಗೆ 10 ಲಕ್ಷ ಸರದಿ ಪರೀಕ್ಷಿಸಿದರೂ 15 ದಿನ ಹಿಡಿಯುತ್ತದೆ, ಅದೂ ಒಂದೇ ಗಾಡಿಗೆ. 46 ಜನರನ್ನು ಮೂರು ಗಾಡಿಗೆ ಹಂಚುವ ಬಗೆಗಳು ಇನ್ನೂ ಬೇರೆ. ಸ್ಲಾಟ್ ಸೇರಿದರೆ ಇನ್ನೊಂದು ತಮಾಷೆ. ಅತಿ ಕಡಿಮೆ ದೂರದ ದಾರಿ ಹಾಗಿರಲಿ, ಎಲ್ಲ ಸ್ಲಾಟ್‌ಗೂ ಒಪ್ಪುವ ಒಂದಾದರೂ ದಾರಿ ಒಂದು ಗಾಡಿಗೆ ಇದೆಯೋ ಇಲ್ಲವೋ ಎಂದು ಹೇಳುವುದೇ ಈ ಕಷ್ಟದ ಲೆಕ್ಕಗಳ ಸಾಲಿಗೆ ಸೇರುತ್ತದೆ ಎಂದು 1985ರಲ್ಲಿ ಸಾವೆಲ್ಸ್‌ಬರ್ಗ್ ತೋರಿಸಿದರು. ಹೀಗಾಗಿಯೇ ದಿನನಿತ್ಯದ ಕೆಲಸಕ್ಕೆ ಬಳಸುವುದು ಹ್ಯೂರಿಸ್ಟಿಕ್, ನಮ್ಮ ಮಾತಿನಲ್ಲಿ ಜಾಣ ಅಂದಾಜು. ಇದೇ ಅತ್ಯುತ್ತಮ ಎಂದು ಅದು ಪ್ರಮಾಣ ಮಾಡುವುದಿಲ್ಲ, ಆದರೆ ಒಳ್ಳೆಯದನ್ನು ಬೇಗ ಹುಡುಕಿಕೊಡುತ್ತದೆ. ಖಚಿತವಾಗಿ ಬಿಡಿಸುವ ವಿಧಾನಗಳೂ ಇವೆ. ನೂರು ಗಿರಾಕಿಗಳ ಪ್ರಸಿದ್ಧ ಪರೀಕ್ಷಾ ಲೆಕ್ಕಗಳನ್ನೇ ಅವು ಬಿಡಿಸಿವೆ. ಆದರೆ ನಿಮ್ಮ ಗಡಿಯಾರದ ಲೆಕ್ಕವೇ ಹತ್ತು ನಿಮಿಷ ಆಚೀಚೆ ಇರುವಾಗ ಕೊನೆಯ ಅರ್ಧ ಕಿಲೋಮೀಟರಿನ ಖಚಿತತೆ ಯಾರಿಗೆ ಬೇಕು?

ಈ ಜಾಣ ಅಂದಾಜು ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅದು ಗೊತ್ತಾದರೆ ಡ್ರೈವರ್ ಅಣ್ಣ ಎಲ್ಲಿ ಸರಿ, ಎಲ್ಲಿ ಅಲ್ಲ ಎಂಬುದೂ ತಿಳಿಯುತ್ತದೆ.

1964ರಲ್ಲಿ ಕ್ಲಾರ್ಕ್ ಮತ್ತು ರೈಟ್ ಕೊಟ್ಟ 'ಉಳಿತಾಯದ ಲೆಕ್ಕ' ಎಲ್ಲಕ್ಕಿಂತ ಸರಳ. ಮೊದಲು ಪ್ರತಿ ಗಿರಾಕಿಗೂ ಒಂದೊಂದು ಗಾಡಿ ಹೋಗಿ ಬರುತ್ತದೆ ಎಂದುಕೊಳ್ಳಿ. ಗೋಣಿಕೊಪ್ಪಲಿನಿಂದ ಪಾಲಿಬೆಟ್ಟಕ್ಕೆ 25 ನಿಮಿಷ, ಅದೇ ರಸ್ತೆಯಲ್ಲಿ ಮುಂದೆ ಸಿದ್ದಾಪುರಕ್ಕೆ ಒಟ್ಟು 50. ಬೇರೆಬೇರೆಯಾಗಿ ಹೋಗಿ ಬಂದರೆ 50 ಮತ್ತು 100, ಒಟ್ಟು 150 ನಿಮಿಷ. ಒಂದೇ ಗಾಡಿ ಎರಡೂ ಮುಗಿಸಿ ಬಂದರೆ 100. ಉಳಿತಾಯ 50 ನಿಮಿಷ. ಹೀಗೆ ಎಲ್ಲ ಜೋಡಿಗಳ ಉಳಿತಾಯ ಲೆಕ್ಕ ಹಾಕಿ, ದೊಡ್ಡದರಿಂದ ಶುರುಮಾಡಿ ಗಾಡಿ ತುಂಬುವವರೆಗೆ ಜೋಡಿಸುತ್ತಾ ಹೋಗುವುದು. ಹಾಳೆಯ ಮೇಲೆ ಕೂತು ಮಾಡಬಹುದು.

ಸ್ಲಾಟ್ ಬಂದ ಕೂಡಲೇ ಈ ಲೆಕ್ಕ ಎಡವುತ್ತದೆ. ನಿಮ್ಮ ಸಿದ್ದಾಪುರದ ಹೋಟೆಲಿಗೆ 6.30ರಿಂದ 7.30, ಪಾಲಿಬೆಟ್ಟದ ಸ್ಟೋರಿಗೆ 8.30ರಿಂದ 9. ದಾರಿಯಲ್ಲೇ ಸಿಗುವ ಪಾಲಿಬೆಟ್ಟವನ್ನು ಹೋಗುವಾಗ ಹಾದು, ಮೊದಲು ಸಿದ್ದಾಪುರ ಮುಟ್ಟಬೇಕು. 5.40ಕ್ಕೆ ಹೊರಟು 6.30ಕ್ಕೆ ಅಲ್ಲಿ, 6.45ಕ್ಕೆ ಹೊರಟರೆ 7.10ಕ್ಕೆ ಪಾಲಿಬೆಟ್ಟ. ಬಾಗಿಲು ತೆರೆಯುವುದು 8.30ಕ್ಕೆ. 80 ನಿಮಿಷ ಗಾಡಿ ನಿಲ್ಲಿಸಿಕೊಂಡು ಕೂರಬೇಕು. 50 ನಿಮಿಷದ ಓಟ ಉಳಿಸಲು ಹೋಗಿ 80 ನಿಮಿಷ ಕಾದ ಹಾಗಾಯಿತು. ದೂರ ಮಾತ್ರ ನೋಡುವ ಲೆಕ್ಕಕ್ಕೆ ಇದು ಕಾಣಿಸುವುದೇ ಇಲ್ಲ.

1987ರಲ್ಲಿ ಮಾರಿಯಸ್ ಸೊಲೊಮನ್ ಈ ತೊಡಕನ್ನೇ ಹಿಡಿದು ಹಲವು ಅಂದಾಜು ಕ್ರಮಗಳನ್ನು ಒಂದರ ಎದುರು ಒಂದಿಟ್ಟು ಪರೀಕ್ಷಿಸಿದರು. ಅದಕ್ಕಾಗಿ ನೂರು ನೂರು ಗಿರಾಕಿಗಳ 56 ಲೆಕ್ಕಗಳನ್ನು ಕಟ್ಟಿದರು. ಈ ವಿಷಯದಲ್ಲಿ ಇವತ್ತಿಗೂ ಹೊಸ ಅಲ್ಗಾರಿದಮ್ ತಂದವರು ಮೊದಲು ಅವುಗಳ ಮೇಲೆಯೇ ಕೈ ತೋರಿಸಬೇಕು. ಅವರ ಪರೀಕ್ಷೆಯಲ್ಲಿ ಮೇಲುಗೈ ಪಡೆದದ್ದು ಒಬ್ಬೊಬ್ಬ ಗಿರಾಕಿಯನ್ನೇ ಸರಿಯಾದ ಜಾಗ ನೋಡಿ ನಡುವೆ ತೂರಿಸುವ ಕ್ರಮ. ಇದರಲ್ಲಿ ನನಗೆ ಬಹಳ ಇಷ್ಟವಾದ ಭಾಗ 'ತಳ್ಳಾಟ'ದ ಲೆಕ್ಕ. ಹೊಸಬರನ್ನು ನಡುವೆ ಸೇರಿಸಿದರೆ ಮುಂದಿನವರೆಲ್ಲರ ಹೊತ್ತು ಮುಂದಕ್ಕೆ ತಳ್ಳಿಸಿಕೊಳ್ಳುತ್ತದೆ. ಆದರೆ ನಡುವೆ ಎಲ್ಲಾದರೂ ಕಾಯುವ ಹೊತ್ತಿದ್ದರೆ ಅದು ಆ ತಳ್ಳಾಟವನ್ನು ನುಂಗಿಬಿಡುತ್ತದೆ. ಪಾಲಿಬೆಟ್ಟದ ಆ 80 ನಿಮಿಷ ನೆನಪಿದೆಯಲ್ಲ? ಚೆನ್ನಯ್ಯನಕೋಟೆಯ ಕ್ಯಾಂಟೀನ್ ಸೇರಿಸಿದರೆ ಸುತ್ತು 20 ನಿಮಿಷ, ಇಳಿಸಲು 10. ಪಾಲಿಬೆಟ್ಟಕ್ಕೆ ಬರುವುದು 7.40. ಮಾಲ್ದಾರೆಯ ತೋಟವನ್ನೂ ಸೇರಿಸಿದರೆ ನಿಮ್ಮ ಪಟ್ಟಿಯಂತೆ ಎಲ್ಲ ಸೇರಿ ಇನ್ನು 35. ಬರುವುದು 8.15. ಇನ್ನೂ 15 ನಿಮಿಷ ಕೈಯಲ್ಲಿದೆ. ಇಬ್ಬರು ಹೊಸ ಗಿರಾಕಿಗಳು ಒಳಗೆ ಬಂದರೂ ಪಾಲಿಬೆಟ್ಟದ ನಂತರದವರಿಗೆ ಅದರ ಸುಳಿವೂ ಸಿಗುವುದಿಲ್ಲ. ನಷ್ಟದಂತೆ ಕಂಡ ಕಾಯುವಿಕೆಯೇ ಈಗ ದಾಸ್ತಾನು.

ಯಾರನ್ನು ಮೊದಲು ತೂರಿಸಬೇಕು ಎಂಬುದಕ್ಕೂ ಒಂದು ಜಾಣತನ ಇದೆ. 1993ರಲ್ಲಿ ಪೊಟ್ವಾನ್ ಮತ್ತು ರೂಸೊ ಇದನ್ನು ಸ್ಲಾಟ್ ಲೆಕ್ಕಕ್ಕೆ ತಂದರು. ಹತ್ತಿರದವರನ್ನು ಅಥವಾ ಸುಲಭದವರನ್ನು ಮೊದಲು ಕೂರಿಸಬೇಡಿ. ಈಗ ಬಿಟ್ಟರೆ ಆಮೇಲೆ ಯಾರ ವಿಷಯದಲ್ಲಿ ಹೆಚ್ಚು ಪಶ್ಚಾತ್ತಾಪ ಪಡಬೇಕಾಗುತ್ತದೋ ಅವರನ್ನು ಮೊದಲು ಕೂರಿಸಿ. ಗೋಣಿಕೊಪ್ಪಲು ಪೇಟೆಯ ಅಂಗಡಿ ಯಾವ ಗಾಡಿಗೂ ಹೊಂದುತ್ತದೆ, ಕೊನೆಗೆ ನೋಡಿದರಾಯಿತು. ಬಿರುನಾಣಿಯ ಹೋಮ್‌ಸ್ಟೇ ಕುಟ್ಟದ ಗಾಡಿಗೆ ಮಾತ್ರ ಹೊಂದುತ್ತದೆ. ಆ ಗಾಡಿ ತುಂಬಿದರೆ ಮುಗಿಯಿತು. ಸಂತೆಯಿಂದ ಊರಿಗೆ ಹೊರಡುವ ಜೀಪಿನಲ್ಲಿ ಕಂಡಕ್ಟರ್ ಜನ ಕೂರಿಸುವುದನ್ನು ಕಂಡಿದ್ದೀರಲ್ಲ, ದೂರದ ಕೊನೆಯ ಊರಿನವರು ಮೊದಲು ಒಳಗೆ, ಮುಂದಿನ ತಿರುವಿನಲ್ಲಿ ಇಳಿಯುವವರು ಹಿಂದೆ ನೇತಾಡುತ್ತಾರೆ.

ಇಷ್ಟು ಮಾಡಿದರೆ ಒಂದು ರೂಟ್ ಸಿಗುತ್ತದೆ, ಸಾಧಾರಣದ್ದು. ಅದನ್ನು ತಿದ್ದುವುದು ಮುಂದಿನ ಹಂತ. ಹಳೆಯ ಉಪಾಯ ಟು-ಆಪ್ಟ್. ದಾರಿ ತನ್ನನ್ನು ತಾನೇ ಅಡ್ಡ ಹಾಯ್ದಿದ್ದರೆ ನಡುವಿನ ತುಂಡನ್ನು ತಲೆಕೆಳಗು ಮಾಡಿ ಜೋಡಿಸುವುದು. ಸ್ಲಾಟ್ ಇಲ್ಲದಾಗ ಇದು ಚೆನ್ನ. ಸ್ಲಾಟ್ ಇದ್ದಾಗ ತುಂಡು ತಿರುಗಿಸಿದರೆ ಬೆಳಗಿನವರು ಮಧ್ಯಾಹ್ನಕ್ಕೆ, ಮಧ್ಯಾಹ್ನದವರು ಬೆಳಗ್ಗೆಗೆ ಬರುತ್ತಾರೆ. ಅದಕ್ಕೇ ಸರದಿ ಕೆಡಿಸದ ಉಪಾಯಗಳು ಬೇಕು. ಒಂದರಿಂದ ಮೂರು ಗಿರಾಕಿಗಳ ಸಾಲನ್ನು ಹಾಗೆಯೇ ಎತ್ತಿ ಬೇರೆಡೆ ಇಡುವ ಆರ್-ಆಪ್ಟ್ ಒಂದು. ಎರಡು ಗಾಡಿಗಳ ಬಾಲಗಳನ್ನು ಕತ್ತರಿಸಿ ಅದಲು ಬದಲು ಮಾಡುವುದು ಇನ್ನೊಂದು.

ಡ್ರೈವರ್ ಅಣ್ಣನ ವಿಷಯ ಬರುವುದು ಇಲ್ಲೇ. ಅವರ ಲೈನಿನೊಳಗಿನ ಸರದಿಯನ್ನು ನಾನು ನನ್ನ ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ. ತಿದ್ದಲು ಸಿಕ್ಕಿದ್ದು ನಾಲ್ಕು ನಿಮಿಷ ಅಷ್ಟೇ. ಇಪ್ಪತ್ತು ವರ್ಷ ದಿನಾ ಸ್ವಲ್ಪ ಸ್ವಲ್ಪ ಬದಲಿಸುತ್ತಾ ಬಂದ ಮನುಷ್ಯ ಸ್ವತಃ ಒಳ್ಳೆಯ ಹ್ಯೂರಿಸ್ಟಿಕ್. ಆದರೆ ಲೈನುಗಳ ನಡುವಿನ ಅದಲು ಬದಲನ್ನು ಅವರು ಎಂದೂ ಮಾಡಿಲ್ಲ, ಮಾಡಲಾರರು. ಅಮ್ಮತ್ತಿಯ ಎರಡು ಅಂಗಡಿ ಮಡಿಕೇರಿ ಗಾಡಿಯಲ್ಲಿವೆ. ವಿರಾಜಪೇಟೆಯಿಂದ ಅದಕ್ಕಾಗಿಯೇ ಆ ಗಾಡಿ ಒಳಗೆ ಹೋಗಿ ಬರುತ್ತದೆ. ಪಾಲಿಬೆಟ್ಟ ಮುಗಿಸಿದ ಸಿದ್ದಾಪುರದ ಗಾಡಿಗೆ ಅಮ್ಮತ್ತಿ ಪಕ್ಕದಲ್ಲೇ ಇದೆ. ಯಾಕೆ ಹೀಗೆ ಎಂದು ಫೋನಿನಲ್ಲಿ ಕೇಳಿದಾಗ ನೀವೇ ಹೇಳಿದಿರಿ: ಆ ಅಂಗಡಿಗಳ ಉದ್ರಿ ವಸೂಲಿ ಮಡಿಕೇರಿ ಡ್ರೈವರ್ ಕೈಯಲ್ಲಿದೆ. ಇದು ರೂಟಿನ ಸಮಸ್ಯೆಯೇ ಅಲ್ಲ, ಲೆಕ್ಕದ ಪುಸ್ತಕದ್ದು. ಉದ್ರಿ ವಸೂಲಿಯನ್ನು ಬೇಕರಿಯ ಕೌಂಟರಿಗೆ ತಂದರೆ ಅಂಗಡಿ ಲೈನ್ ಬದಲಿಸಬಹುದು.

ತಿದ್ದುವ ಉಪಾಯಗಳೂ ಒಂದು ಹಂತದಲ್ಲಿ ನಿಂತುಬಿಡುತ್ತವೆ. ಯಾವ ಒಂದು ಗಿರಾಕಿಯನ್ನು ಎತ್ತಿಟ್ಟರೂ ಲಾಭವಿಲ್ಲ, ಆದರೂ ಇಡೀ ರೂಟ್ ಒಳ್ಳೆಯದಲ್ಲ ಎಂಬ ಸ್ಥಿತಿ. ಆಗ ಏನು ಮಾಡಬೇಕು ಎಂದು ಕಾಫಿ ತೋಟ ಇದ್ದವರಿಗೆ ಹೇಳಿಕೊಡಬೇಕಿಲ್ಲ: ಕಪಾತು, ಅಂದರೆ ಗಿಡದ ಕೊಂಬೆ ಸವರುವುದು. 1998ರಲ್ಲಿ ಪಾಲ್ ಶಾ ಕೊಟ್ಟ ವಿಧಾನ ಹೆಚ್ಚುಕಡಿಮೆ ಅದೇ. ರೂಟಿನಿಂದ ಹತ್ತು ಹನ್ನೆರಡು ಗಿರಾಕಿಗಳನ್ನು ಒಟ್ಟಿಗೆ ಕಿತ್ತು ಹಾಕಿ, ಉಳಿದದ್ದನ್ನು ಹಾಗೇ ಬಿಟ್ಟು, ಕಿತ್ತವರನ್ನು ಹೊಸದಾಗಿ ತೂರಿಸುವುದು. ಯದ್ವಾತದ್ವಾ ಕೀಳುವಂತಿಲ್ಲ, ಒಬ್ಬರಿಗೊಬ್ಬರು ಹತ್ತಿರದವರನ್ನು ಕೀಳಬೇಕು. ಕುಟ್ಟದ ಒಬ್ಬರನ್ನು, ಮಡಿಕೇರಿಯ ಒಬ್ಬರನ್ನು ಕಿತ್ತರೆ ಇಬ್ಬರೂ ತಂತಮ್ಮ ಹಳೆಯ ಜಾಗಕ್ಕೇ ವಾಪಸ್. ಅಮ್ಮತ್ತಿ, ಪಾಲಿಬೆಟ್ಟ, ವಿರಾಜಪೇಟೆಯ ಒಂದೇ ಹೊತ್ತಿನವರನ್ನು ಒಟ್ಟಿಗೆ ಕಿತ್ತರೆ ಹೊಸ ಜೋಡಣೆಗೆ ಜಾಗವಿದೆ. 2006ರಲ್ಲಿ ರೋಪ್ಕೆ ಮತ್ತು ಪಿಸಿಂಗರ್ ಇದಕ್ಕೆ ಇನ್ನೊಂದು ಸೇರಿಸಿದರು: ಕೀಳುವ ಹಲವು ಬಗೆ, ತೂರಿಸುವ ಹಲವು ಬಗೆ ಇಟ್ಟುಕೊಂಡು, ಯಾವುದು ಫಲ ಕೊಡುತ್ತಿದೆಯೋ ಅದಕ್ಕೆ ಹೆಚ್ಚು ಅವಕಾಶ ಕೊಡುತ್ತಾ ಹೋಗುವುದು. ಕೆಲವೊಮ್ಮೆ ಮೊದಲಿಗಿಂತ ತುಸು ಕೆಟ್ಟ ರೂಟನ್ನೂ ಬೇಕೆಂದೇ ಒಪ್ಪಿಕೊಳ್ಳುತ್ತದೆ, ಮುಂದಿನ ಚಿಗುರು ಚೆನ್ನಾಗಿ ಬರಲಿ ಎಂದು.

ಅಳಿಯ ಹೇಳುವ 'ಜೋರಾದ ಅಲ್ಗಾರಿದಮ್' ಇಂಥದ್ದೇ ಇರಬೇಕು. ಗೂಗಲ್‌ನ ಓಆರ್-ಟೂಲ್ಸ್, ವ್ರೂಮ್ ಎಂಬ ಇನ್ನೊಂದು, ಎರಡೂ ಪುಕ್ಕಟೆ, ಎರಡೂ ಚೆನ್ನಾಗಿವೆ. ಆದರೆ 46 ಗಿರಾಕಿ, ಮೂರು ಗಾಡಿಗೆ ರಾತ್ರಿಯಿಡೀ ಓಡಿಸುವ ಅಗತ್ಯವಿಲ್ಲ. ನಿಮ್ಮ ಪಟ್ಟಿಯನ್ನು ನಾನು ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಒಂದು ನಿಮಿಷ, ಆಮೇಲೆ ಒಂದು ಗಂಟೆ ಓಡಿಸಿದೆ. ಒಂದು ಗಂಟೆಯಲ್ಲಿ ಹೆಚ್ಚುವರಿ ಸಿಕ್ಕಿದ್ದು 2 ಕಿಲೋಮೀಟರ್. ಕಕ್ಕಬ್ಬೆಯ ಒಂದು ಸ್ಲಾಟ್ ಸಡಿಲಿಸಿ ಮತ್ತೆ ಒಂದು ನಿಮಿಷ ಓಡಿಸಿದೆ. 31 ಕಿಲೋಮೀಟರ್ ಇಳಿಯಿತು, ತಡ ಒಂದೂ ಇಲ್ಲ.

ಇನ್ನು ಅಣ್ಣ ನಕ್ಕ ಕಾರಣ. ಆ ಪರೀಕ್ಷಾ ಲೆಕ್ಕಗಳ ಜಗತ್ತು ಸಮತಟ್ಟು. ಎರಡು ಚುಕ್ಕೆಗಳ ನಡುವೆ ನೇರ ಗೆರೆ, ಗೆರೆ ಎಷ್ಟು ಉದ್ದವೋ ಅಷ್ಟೇ ಹೊತ್ತು. ಕೊಡಗಿನಲ್ಲಿ ಹೊಳೆಯಾಚೆಯ ತೋಟಕ್ಕೆ ಕೂಗಿದರೆ ಕೇಳಿಸುತ್ತದೆ, ಗಾಡಿಯಲ್ಲಿ ಹೋಗಲು ಸೇತುವೆಗೆ ಸುತ್ತಬೇಕು. ಅಳಿಯ ನೇರ ಗೆರೆ ಹಾಕಿಲ್ಲ, ನಕ್ಷೆಯ ರಸ್ತೆಯನ್ನೇ ಬಳಸಿದ್ದಾರೆ, ಸರಿ. ಆದರೆ ಅಂಥ ಪುಕ್ಕಟೆ ನಕ್ಷೆಯ ಪ್ರೋಗ್ರಾಂ ರಸ್ತೆಯ ದರ್ಜೆ ನೋಡಿ ವೇಗ ಊಹಿಸುತ್ತದೆ. ರಾಜ್ಯ ಹೆದ್ದಾರಿ ಎಂದರೆ ಅದರ ಕಣ್ಣಿಗೆ ಮಂಡ್ಯದ್ದೂ ಒಂದೇ, ಶ್ರೀಮಂಗಲದಿಂದ ಕುಟ್ಟಕ್ಕೆ ಹೋಗುವ ತಿರುವುಗಳೂ ಒಂದೇ. ಮೊಟ್ಟೆ ಟ್ರೇ ಹೇರಿಕೊಂಡ ಪಿಕಪ್ ತಿರುವಿನಲ್ಲಿ ಕಾರಿನ ಹಾಗೆ ಹೋಗುವುದಿಲ್ಲ ಎಂದು ಅದಕ್ಕೆ ಹೇಳಿದವರಿಲ್ಲ.

ಹೊತ್ತಿಗೆ ಹೊತ್ತು ಬದಲಾಗುವ ಲೆಕ್ಕವೂ ಅದಕ್ಕೆ ಗೊತ್ತಿಲ್ಲ. ಶುಕ್ರವಾರ ಮಡಿಕೇರಿ ಸಂತೆ. ವಾರದ ಕೊನೆಗೆ, ಅದರಲ್ಲೂ ಸೋಮವಾರ ಸೇರಿ ಮೂರು ದಿನ ರಜೆ ಬಂದರೆ, ಪ್ರವಾಸಿಗರ ಕಾರು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಬೆಳಗ್ಗೆ ಏಳೂವರೆಗೆ ಆಳು ತುಂಬಿದ ಜೀಪುಗಳು, ಅದೇ ಹೊತ್ತಿಗೆ ಸ್ಕೂಲ್ ಬಸ್ಸು. ಚಳಿಗಾಲದ ಮಂಜು. ಮಾಲ್ದಾರೆ, ಸಿದ್ದಾಪುರ, ತಿತಿಮತಿ ಕಡೆ ನಸುಕಿನಲ್ಲಿ ಆನೆ ರಸ್ತೆ ದಾಟುತ್ತಿದ್ದರೆ ಕಾಯುವುದು ಬಿಟ್ಟು ಬೇರೆ ದಾರಿಯಿಲ್ಲ. ಆನೆಗೆ ಸ್ಲಾಟ್ ಇಲ್ಲ. ಮಳೆಗಾಲದ್ದು ಬೇರೆಯೇ ಪಟ್ಟಿ. ಮರ ಬೀಳುವುದು, ಬರೆ ಕುಸಿಯುವುದು ಇಲ್ಲಿ ಪ್ರತಿ ವರ್ಷದ ಮಾತು, 2018ರ ಆಗಸ್ಟ್ ಕಂಡವರಿಗೆ ಮತ್ತೆ ಹೇಳಬೇಕಿಲ್ಲ. ಆದ್ದರಿಂದ ಒಂದೇ ಹೊತ್ತಿನ ಪಟ್ಟಿ ಸಾಲದು. ಮಳೆಗಾಲಕ್ಕೊಂದು, ಬೇಸಿಗೆಯ ವಾರದ ದಿನಕ್ಕೊಂದು, ವಾರದ ಕೊನೆಗೊಂದು, ಮೂರಾದರೂ ಇಡಿ.

ಆ ಪಟ್ಟಿ ಮಾಡುವುದು ಹೇಗೆ? ಡ್ರೈವರ್‌ಗಳ ಕೈಗೆ ಒಂದು ನೋಟ್‌ಬುಕ್ ಕೊಡಿ. ಎರಡು ವಾರ, ಪ್ರತಿ ನಿಲ್ದಾಣದಲ್ಲಿ ತಲುಪಿದ ಹೊತ್ತು, ಹೊರಟ ಹೊತ್ತು ಬರೆಯಲಿ. ನೆನಪಿನಿಂದ ಹೇಳಿದ ಹೊತ್ತು ಯಾವಾಗಲೂ ಒಳ್ಳೆಯ ದಿನದ್ದಾಗಿರುತ್ತದೆ. ಬಂದ ಲೆಕ್ಕದಲ್ಲಿ ಸರಾಸರಿ ತೆಗೆಯಬೇಡಿ. ಸರಾಸರಿ ಹಿಡಿದರೆ ಹೆಚ್ಚುಕಡಿಮೆ ಅರ್ಧ ದಿನಗಳಲ್ಲಿ ಮೊದಲ ನಿಲ್ದಾಣದಲ್ಲೇ ತಡ, ಹತ್ತನೆಯದಕ್ಕೆ ಬರುವಾಗ ಅದೆಲ್ಲ ಗುಡ್ಡೆಯಾಗಿರುತ್ತದೆ. ಹತ್ತು ದಿನದ ಲೆಕ್ಕವನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಎಂಟನೆಯದನ್ನು ತೆಗೆದುಕೊಳ್ಳಿ. ಸ್ವಲ್ಪ ಬೇಗ ತಲುಪಿ ಎರಡು ನಿಮಿಷ ಕಾಯುವುದು ಅಗ್ಗ.

ಇಳಿಸುವ ಹೊತ್ತನ್ನೂ ಬರೆಸಿ, ಇದನ್ನು ಮರೆಯುವವರೇ ಹೆಚ್ಚು. ನನ್ನ ಮೊದಮೊದಲ ಕೆಲಸದಲ್ಲಿ ಒಂದು ತರಕಾರಿ ಸಪ್ಲೈ ಕಂಪನಿಗೆ ರೂಟ್ ಹಾಕಿಕೊಟ್ಟಿದ್ದೆ. ಪೇಪರಿನಲ್ಲಿ ಬಹಳ ಚಂದ. ಮೊದಲ ದಿನ ನಾನೂ ಗಾಡಿಯಲ್ಲಿ ಕೂತೆ. ಒಂದು ತೋಟದ ಗೇಟು ಆರಕ್ಕೆ ತೆರೆಯುತ್ತದೆ ಎಂದು ಆಫೀಸಿನವರು ಬರೆದುಕೊಟ್ಟಿದ್ದರು. ಆರಕ್ಕೆ ಹೋದೆವು. ಬೀಗದ ಕೈ ವಾಚ್‌ಮನ್ ಹತ್ತಿರ, ವಾಚ್‌ಮನ್ ಲೈನ್ ಮನೆಯಲ್ಲಿ, ಬಂದದ್ದು 6.40ಕ್ಕೆ. ಡ್ರೈವರ್ ಒಂದು ಮಾತೂ ಆಡದೆ ಸ್ಟೀರಿಂಗ್ ಮೇಲೆ ತಲೆಯಿಟ್ಟು ನಿದ್ದೆ ಹೋದರು. ಅವರಿಗೆ ಮೊದಲೇ ಗೊತ್ತಿತ್ತು. ನಾನು ಕೇಳಿರಲಿಲ್ಲ.

ನಿಮ್ಮ ಮುಂದಿರುವ ದಾರಿಗಳಿಗೆ ಬರುತ್ತೇನೆ.

ನಾಲ್ಕನೇ ಗಾಡಿ ಕೊಂಡರೆ ನಾಳೆಯಿಂದಲೇ ಬೆಳಗಿನ ತಡ ನಿಲ್ಲುತ್ತದೆ, ಅದು ಸುಳ್ಳಲ್ಲ. ಆದರೆ ನಿಮ್ಮ ಲೆಕ್ಕದಲ್ಲಿ ನಾಲ್ಕು ಗಾಡಿ ಒಟ್ಟಿಗೆ ಬೇಕಾಗುವುದು ಆ ಒಂದು ಗಂಟೆಗೆ ಮಾತ್ರ. ಒಂಬತ್ತರ ನಂತರ ಎರಡು ಗಾಡಿಯ ಕೆಲಸವೇ ಇದೆ. ಒಂದು ಗಂಟೆಗಾಗಿ ಕಂತು, ಇನ್ಶೂರೆನ್ಸ್, ಡ್ರೈವರ್ ಸಂಬಳ ವರ್ಷವಿಡೀ ಕಟ್ಟಬೇಕು. ಅಕ್ಟೋಬರಿನಿಂದ ಜನವರಿವರೆಗಿನ ಸೀಸನ್ನಿಗೆ, ಅಥವಾ ಉದ್ದ ರಜೆಯ ವಾರಗಳಿಗೆ ಬಾಡಿಗೆ ಗಾಡಿ ಹಿಡಿಯುವುದಾದರೆ ಅದು ಬೇರೆ ಮಾತು. ಹೊಸ ಡ್ರೈವರಿಗೆ ಗೇಟು, ನಾಯಿ, ವಾಚ್‌ಮನ್ ಎಲ್ಲ ಪರಿಚಯವಾಗಲು ವಾರ ಬೇಕು ಎಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಪ್ರೋಗ್ರಾಂನಿಂದ ದಿನಾ ಹೊಸ ರೂಟ್ ತೆಗೆಯುವುದು ಅಳಿಯನ ಆಸೆ. ಆರ್ಡರ್ ದಿನದಿನಕ್ಕೆ ತುಂಬ ಬದಲಾಗುವವರಿಗೆ ಅದು ಸರಿ. ನಿಮ್ಮಲ್ಲಿ 46ರಲ್ಲಿ 38 ಜನ ದಿನವೂ ಅವರೇ. ದಿನಾ ರೂಟ್ ಬದಲಾದರೆ ಒಂದು ದಿನ ಈ ಡ್ರೈವರ್, ಇನ್ನೊಂದು ದಿನ ಆ ಡ್ರೈವರ್. ಖಾಲಿ ಕ್ರೇಟ್ ಲೆಕ್ಕ ತಪ್ಪುತ್ತದೆ, 'ನಾಳೆ ಎರಡು ಬ್ರೆಡ್ ಜಾಸ್ತಿ ತನ್ನಿ' ಎಂದು ಹೇಳಿದ್ದು ತಲುಪುವುದಿಲ್ಲ. ನನ್ನ ಸಲಹೆ: ತಿಂಗಳಿಗೊಮ್ಮೆ ಪ್ರೋಗ್ರಾಂ ಓಡಿಸಿ ಗಟ್ಟಿ ಲೈನ್ ಕಟ್ಟಿ. ಬಂದು ಹೋಗುವ ಆ ಏಳೆಂಟು ಜನರನ್ನು ಮಾತ್ರ ಹಿಂದಿನ ಸಂಜೆ, ತಳ್ಳಾಟದ ಲೆಕ್ಕ ನೋಡಿ, ತೂರಿಸಿ. ಒಂದಿಷ್ಟು ಕಿಲೋಮೀಟರ್ ಹೆಚ್ಚಾಗುತ್ತದೆ, ಆಗಲಿ.

ದಂಡದ ಸೆಟ್ಟಿಂಗ್ ಏನೇ ಆದರೂ ಬದಲಿಸಲೇಬೇಕು. ಬರೀ ಹೆಚ್ಚಿಸಿದರೆ ಸಾಲದು, ಅಲ್ಲೊಂದು ಬಲೆ ಇದೆ. ತಡದ ಒಟ್ಟು ನಿಮಿಷಗಳನ್ನು ಮಾತ್ರ ಕೂಡಿಸುವ ಪ್ರೋಗ್ರಾಂಗೆ ನಾಲ್ವರಿಗೆ ಹತ್ತತ್ತು ನಿಮಿಷವೂ ಒಂದೇ, ಒಬ್ಬರಿಗೆ ನಲವತ್ತು ನಿಮಿಷವೂ ಒಂದೇ. ಸಾಮಾನ್ಯವಾಗಿ ದೂರದ ಮೂಲೆಯ ಒಬ್ಬರನ್ನೇ ಹಿಡಿದು ದಿನಾ ಬಲಿ ಕೊಡುತ್ತದೆ. ನಿಮ್ಮ ಒಂಬತ್ತು ಫೋನುಗಳಲ್ಲಿ ಆರು ಕಕ್ಕಬ್ಬೆಯಿಂದಲೇ ಬಂದವು ಎಂದು ಬರೆದಿದ್ದೀರಲ್ಲ, ಕಾರಣ ಇದೇ. ಮೊದಲ 10 ನಿಮಿಷಕ್ಕೆ ಸ್ವಲ್ಪ, ಅಲ್ಲಿಂದ ಮುಂದೆ ಏರುತ್ತಾ ಹೋಗುವ ಹಾಗೆ ದಂಡ ಹಾಕಲು ಅಳಿಯನಿಗೆ ಹೇಳಿ. ರೆಸಾರ್ಟಿನ ಗೇಟಿನಂಥ ಕಡೆ, ಹೊತ್ತು ಮೀರಿದರೆ ಮಾಲೇ ತೆಗೆದುಕೊಳ್ಳದವರಿಗೆ, ದಂಡ ಬೇಡ, ಮೀರಲೇಬಾರದು ಎಂದು ಹಾಕಲಿ. ಆಗ ಪ್ರೋಗ್ರಾಂ 'ಸಾಧ್ಯವಿಲ್ಲ' ಎಂದರೆ ಬೇಸರ ಬೇಡ, ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಅದು ತೋರಿಸುತ್ತಿದೆ.

ಇವೆಲ್ಲಕ್ಕಿಂತ ಮೊದಲು ಮಾಡಬೇಕಾದ್ದು, ಕಾಸು ಖರ್ಚಿಲ್ಲದ್ದು, ಸ್ಲಾಟ್‌ಗಳನ್ನೇ ಪ್ರಶ್ನಿಸುವುದು. ಜನ ಕೊಡುವ ಸ್ಲಾಟ್‌ಗಳಲ್ಲಿ ಮೂರು ಬಗೆ ಕಂಡಿದ್ದೇನೆ. ನಿಜವಾಗಿ ಆ ಹೊತ್ತಿಗೇ ಬೇಕಾದವರು ಕೆಲವರು. ಹಿಂದಿನ ಸಪ್ಲೈಯರ್ ಆ ಹೊತ್ತಿಗೆ ಬರುತ್ತಿದ್ದರು ಎಂಬ ಅಭ್ಯಾಸಕ್ಕೆ ಹೇಳುವವರು ಬಹಳ. ನೀವು ಹೇಗೂ ತಡ ಮಾಡುತ್ತೀರಿ ಎಂದು ಅರ್ಧ ಗಂಟೆ ಮುಂಚೆಯೇ ಹೇಳಿಬಿಡುವವರೂ ಇದ್ದಾರೆ. ಕೊನೆಯ ಇಬ್ಬಗೆಯವರು ಮಾತಾಡಿದರೆ ಸಡಿಲವಾಗುತ್ತಾರೆ. 'ಯಾವಾಗ ಬರಬೇಕು?' ಎಂದು ಕೇಳಬೇಡಿ, ಮತ್ತೆ ಅದೇ ಏಳು ಗಂಟೆ ಹೇಳುತ್ತಾರೆ. 'ಬಂದ ಬ್ರೆಡ್ ಯಾವಾಗ ಟೇಬಲ್ಲಿಗೆ ಹೋಗುತ್ತೆ?' ಎಂದು ಕೇಳಿ. ಅಪಾಯ ಇಲ್ಲದಿಲ್ಲ. ಸ್ಲಾಟ್ ಬಿಟ್ಟುಕೊಟ್ಟವರಿಗೆ ನೀವು ಕೊಟ್ಟ ಮಾತು ತಪ್ಪಿದರೆ ಎರಡನೇ ಸಲ ಬಿಟ್ಟುಕೊಡುವುದಿಲ್ಲ. ಆದ್ದರಿಂದ ಒಟ್ಟಿಗೆ ಎಲ್ಲರ ಹತ್ತಿರ ಹೋಗಬೇಡಿ.

ಶುರು ಕಕ್ಕಬ್ಬೆಯಿಂದ ಮಾಡಿ. ಮಧ್ಯಾಹ್ನ ಮೊಟ್ಟೆ ಹಾಕಲು ನಿಮ್ಮ ಒಂದು ಗಾಡಿ ನಾಪೋಕ್ಲುವರೆಗೆ ಹೋಗುತ್ತದೆ ಎಂದು ಪಟ್ಟಿಯಲ್ಲಿದೆ. ಅಲ್ಲಿಂದ ಮುಂದೆ ಕಕ್ಕಬ್ಬೆಗೆ ಹೋಗಿ ಬರುವುದು ದೊಡ್ಡ ಮಾತಲ್ಲ. ಆ ಹೋಮ್‌ಸ್ಟೇಯಲ್ಲಿ ಬೆಳಗ್ಗೆ ನೂಪುಟ್ಟು, ಕಡಂಬುಟ್ಟು ಬಡಿಸುತ್ತಾರೆ ಎಂದು ನೀವೇ ಬರೆದಿದ್ದೀರಿ. ಬ್ರೆಡ್ ಟೋಸ್ಟಿಗೆ, ಮಕ್ಕಳಿಗೆ. ಹಿಂದಿನ ದಿನದ ಮಧ್ಯಾಹ್ನ ಬೇಯಿಸಿದ ಬ್ರೆಡ್ ಟೋಸ್ಟಿಗೆ ಇನ್ನೂ ಒಳ್ಳೆಯದು, ಬೇಕರಿಯವರಿಗೆ ನಾನು ಹೇಳಬೇಕೇ? ಸಂಜೆ ನಾಲ್ಕರಿಂದ ಆರರೊಳಗೆ ತಂದುಕೊಡುತ್ತೇವೆ, ಒಪ್ಪಿಗೆಯೇ ಎಂದು ಕೇಳಿ. ಅವರು ಒಪ್ಪದಿದ್ದರೆ ಮುಂದಿನ ಫೋನ್ ಮಡಿಕೇರಿ ಹೋಟೆಲಿಗೆ, ಎಂಟರವರೆಗೆ ಸಿಗುತ್ತದೆಯೇ ನೋಡಿ. ಅದೂ ಆಗದಿದ್ದರೆ ಬಾಡಿಗೆ ಗಾಡಿಯ ದರ ವಿಚಾರಿಸಿ ನನಗೆ ಬರೆಯಿರಿ, ಅಳಿಯನ ಹೊಸ ಸೆಟ್ಟಿಂಗ್ ಜೊತೆ.